ಗಲಭೆ ಮುಗಿದ ಮೇಲೆ ಏನು ಓದುವುದು: ಮಾಟುಂಗದ ಒಂದು ಓದುಕೂಟದ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಕೊಟ್ಟು ಸೇರಬಹುದಾದ ಕೂಟ ಇದು. ಆದರೆ ಭಾನುವಾರ ಸಂಜೆ ಮನಸ್ಸು ಹಗುರ ಮಾಡಿಕೊಂಡು ಬರೋಣ ಅಂತ ಹೋಗುವವರಿಗೆ ಸರಿಹೋಗಲ್ಲ. ಅಲ್ಲಿಂದ ಮನೆಗೆ ಬಂದು ಊಟ ಸೇರದ ರಾತ್ರಿಗಳೂ ಇದ್ದವು.

ಜಾಗ ಮಾಟುಂಗ ಪೂರ್ವ. ಕಿಂಗ್ಸ್ ಸರ್ಕಲ್‌ನಿಂದ ನಡೆದೇ ಹೋಗಬಹುದು. ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಖಾಸಗಿ ಲೈಬ್ರರಿ ಇದೆ, ಕುಂದಾಪುರ ಕಡೆಯ ನಿವೃತ್ತ ಟೀಚರ್ ಒಬ್ಬರು ನಡೆಸುತ್ತಾರೆ. ಸಹಾಯಕ್ಕೆ ಇಬ್ಬರು ಕಾಲೇಜು ಹುಡುಗರು. ಬೋರ್ಡ್ ಇಲ್ಲ, ಜಾಹೀರಾತೂ ಇಲ್ಲ. ಗೊತ್ತಿದ್ದವರ ಬಾಯಿಂದ ಕೇಳಿ ಬಂದವರೇ ಸಾಕು, ಹೆಸರು ಹಾಕಬೇಡಿ ಅಂತ ಟೀಚರ್ ಕೇಳಿಕೊಂಡಿದ್ದಾರೆ. ಅದಕ್ಕೇ ಹೆಸರು ಬರೆಯುತ್ತಿಲ್ಲ. ಮಾಟುಂಗದಲ್ಲಿ ಕನ್ನಡ ಪುಸ್ತಕ ಓದುವ ಯಾರನ್ನಾದರೂ ಕೇಳಿ, ದಾರಿ ತೋರಿಸುತ್ತಾರೆ.

ಅಲ್ಲಿ ಆರು ತಿಂಗಳ ಒಂದು ಓದಿನ ಸರಣಿ ನಡೆಯುತ್ತದೆ, ತಿಂಗಳಿಗೆ ಎರಡು ಭಾನುವಾರ. ವಿಷಯ ಒಂದೇ: ಯುದ್ಧ, ವಿಭಜನೆ, ಗಲಭೆ ಆದ ಮೇಲೆ ಜನ ಏನು ಬರೆದರು, ಆ ಬರಹ ಮತ್ತೆ ಒಟ್ಟಿಗೆ ಬದುಕುವುದಕ್ಕೆ ಏನಾದರೂ ಸಹಾಯ ಮಾಡಿತಾ. ಶುಲ್ಕ ಪೂರ್ತಿ ಸರಣಿಗೆ 1,800 ರೂಪಾಯಿ, ಪುಸ್ತಕಗಳಿಗೆ 500 ಠೇವಣಿ. ಠೇವಣಿ ಕೊನೆಗೆ ವಾಪಸ್ ಕೊಡುತ್ತಾರೆ. ಚಹಾ, ಉಪ್ಪಿಟ್ಟು ಅದರಲ್ಲೇ ಬಂತು. ಈ ಊರಲ್ಲಿ ಒಂದು ಸಿನಿಮಾಕ್ಕೆ ಮನೆಮಂದಿಯೆಲ್ಲ ಹೋಗಿ ಬಂದರೆ ಇಷ್ಟು ಖರ್ಚಾಗುತ್ತೆ. ದುಬಾರಿ ಅಂತ ನಾನಂತೂ ಹೇಳಲ್ಲ.

ಕನ್ನಡದ ಕೂಟ ಅಂದರೂ ಬರುವವರೆಲ್ಲ ಕನ್ನಡಿಗರಲ್ಲ. ಮರಾಠಿಯವರು ಇದ್ದರು, ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟು ಆಮೇಲೆ ಮುಂಬಯಿಗೆ ಬಂದ ಮುಸ್ಲಿಂ ಹಿರಿಯರೊಬ್ಬರು ಇದ್ದರು, ಉಲ್ಹಾಸನಗರದಿಂದ ಸಿಂಧಿ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಬರುತ್ತಿದ್ದರು. ಮಾತು ಕನ್ನಡದಲ್ಲಿ ಶುರುವಾಗಿ ಹಿಂದಿಗೆ ಹೋಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಟೀಚರ್ ಅದನ್ನು ತಡೆಯಲಿಲ್ಲ. ಕೂಟದ ದೊಡ್ಡ ಬಲ ಇದೇ ಅಂತ ನನಗೆ ಅನಿಸಿದೆ. ಒಂದೇ ಜಾತಿಯ, ಒಂದೇ ಭಾಷೆಯ ಜನ ಒಂದು ಕೋಣೆಯಲ್ಲಿ ಕೂತು ಬೇರೆಯವರ ನೋವಿನ ಕಥೆ ಓದಿ ಕಣ್ಣೀರು ಹಾಕುವುದು ಕಷ್ಟದ ಕೆಲಸವೇನಲ್ಲ. ಆ ಕಥೆಯ ಇನ್ನೊಂದು ಕಡೆಯವರು ಪಕ್ಕದ ಕುರ್ಚಿಯಲ್ಲಿ ಕೂತಿರುವಾಗ ಅದೇ ಪುಟವನ್ನು ಜೋರಾಗಿ ಓದಿ ನೋಡಿ, ದನಿ ತಾನಾಗೇ ಬದಲಾಗುತ್ತೆ.

ಮೊದಲ ದಿನ ರನ್ನನಿಂದ ಶುರು ಮಾಡಿದ್ದು ನನಗೆ ಬಹಳ ಹಿಡಿಸಿತು. ಯುರೋಪಿನ ಯುದ್ಧಗಳಿಂದ ಶುರು ಮಾಡುತ್ತಾರೆ ಅಂದುಕೊಂಡು ಹೋದರೆ ಟೀಚರ್ ಗದಾಯುದ್ಧ ತೆಗೆದರು. ಹತ್ತನೇ ಶತಮಾನದ ಕಾವ್ಯ. ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುವ ಭಾಗ ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಓದಿರುತ್ತೇವೆ. ಪರೀಕ್ಷೆಗೆ ಓದಿ ಮರೆತೂ ಇರುತ್ತೇವೆ. ಅಲ್ಲಿ ಅವನು ತನ್ನ ತಮ್ಮಂದಿರ ಹೆಣ, ಕರ್ಣನ ಹೆಣ ನೋಡಿ ಅಳುವುದು ಸರಿಯೇ. ಆದರೆ ಅಭಿಮನ್ಯುವಿನ ಹೆಣದ ಮುಂದೂ ನಿಲ್ಲುತ್ತಾನೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ಅವನನ್ನು ಹೊಗಳಿ, ನಿನ್ನ ಶೌರ್ಯದಲ್ಲಿ ಒಂದು ಪಾಲಾದರೂ ಇರುವಂಥ ಸಾವು ನನಗೂ ಬರಲಿ ಅಂತ ಕೇಳಿಕೊಳ್ಳುತ್ತಾನೆ. ರನ್ನನ ಕಾವ್ಯದ ನಾಯಕ ಭೀಮ, ನೆನಪಿರಲಿ. ಗೆದ್ದವನನ್ನು ಹೊಗಳಲು ಕೂತ ಕವಿ ಸೋತವನ ಬಾಯಿಂದ ಈ ಮಾತು ಆಡಿಸಿದ್ದಾನೆ. ನಮ್ಮ ಭಾಷೆಗೆ ಇದು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು ಅಂತ ಟೀಚರ್ ಒಂದೇ ಸಾಲಿನಲ್ಲಿ ಹೇಳಿ ಮುಂದಿನ ಪದ್ಯಕ್ಕೆ ಹೋದರು. ಭಾಷಣ ಮಾಡಲಿಲ್ಲ.

ಆಮೇಲೆ ವಿಭಜನೆ. ಉರ್ದು ಕಥೆಗಾರ ಮಂಟೋನ ಟೋಬಾ ಟೇಕ್ ಸಿಂಗ್ ಇಲ್ಲದೆ ವಿಭಜನೆಯ ಪಾಠ ಎಲ್ಲೂ ನಡೆಯುವುದಿಲ್ಲ, ಇಲ್ಲೂ ಇತ್ತು. ಭಾರತ, ಪಾಕಿಸ್ತಾನ ಎರಡೂ ಸೇರಿ ಹುಚ್ಚಾಸ್ಪತ್ರೆಯ ರೋಗಿಗಳನ್ನು ಧರ್ಮ ನೋಡಿ ಅದಲುಬದಲು ಮಾಡುವ ಕಥೆ. ಮಂಟೋ ಇದೇ ಮುಂಬಯಿಯವನಾಗಿದ್ದ, ಸಿನಿಮಾ ಕಂಪನಿಗಳಿಗೆ ಕಥೆ ಬರೆದುಕೊಂಡಿದ್ದ, 1948ರ ಜನವರಿಯಲ್ಲಿ ಲಾಹೋರಿಗೆ ಹೊರಟುಹೋದ. ಏಳು ವರ್ಷಕ್ಕೇ ತೀರಿಕೊಂಡ. ಈ ಊರನ್ನು ಬಿಟ್ಟ ನೋವು ಅವನಿಗೆ ಕೊನೆಯವರೆಗೂ ಇತ್ತು.

ಕಥೆ ಓದಿ ಮುಗಿದಾಗ ಸಿಂಧಿ ಅಜ್ಜಿ ಕಥೆಯ ಬಗ್ಗೆ ಏನೂ ಹೇಳಲಿಲ್ಲ. ಕಲ್ಯಾಣ್ ಕ್ಯಾಂಪಿನ ನಲ್ಲಿ ಸಾಲಿನ ಬಗ್ಗೆ ಹೇಳಿದರು. ಉಲ್ಹಾಸನಗರ ಅಂತ ಹೆಸರು ಬರುವುದಕ್ಕೆ ಮುಂಚೆ ಅದು ಸೈನ್ಯ ಬಿಟ್ಟುಹೋದ ಬ್ಯಾರಕ್‌ಗಳ ಜಾಗ, ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಅಲ್ಲಿ ತಂದು ಇಳಿಸಿದ್ದರು. ಬ್ಯಾರಕ್ಕಿನಲ್ಲಿ ಮನೆ ಮನೆಗೂ ನಡುವೆ ಗೋಡೆ ಇರಲಿಲ್ಲ, ಗೋಣಿತಾಟು ಕಟ್ಟಿಕೊಂಡಿದ್ದೆವು, ಆಚೆ ಕಡೆಯವರು ರಾತ್ರಿ ಅತ್ತರೆ ಈಚೆ ಕಡೆಯವರು ಕೆಮ್ಮುತ್ತಿದ್ದರು, ಕೇಳಿಸಿತು ಅಂತ ಗೊತ್ತಾಗಲಿ ಎಂದು. ಇಷ್ಟೇ ಹೇಳಿದ್ದು. ಮೊಮ್ಮಗಳು ಇದನ್ನು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲವಂತೆ. ಅವಳ ಮುಖ ನೋಡಿದಾಗಲೇ ಈ ಸರಣಿಗೆ ಕೊಟ್ಟ ದುಡ್ಡು ಸಾರ್ಥಕ ಅಂತ ನನಗೆ ಅನಿಸಿದ್ದು. ಕಥೆ ಓದದೆ, ಸುಮ್ನೆ ಕೂರಿಸಿ ‘ಅಜ್ಜಿ, ನಿಮ್ಮ ಅನುಭವ ಹೇಳಿ’ ಅಂತ ಮೈಕ್ ಹಿಡಿದಿದ್ದರೆ ಅವರು ಇದನ್ನು ಹೇಳುತ್ತಿದ್ದರಾ? ನನಗಂತೂ ನಂಬಿಕೆ ಇಲ್ಲ. ಬೇರೆ ಯಾರದೋ ಕಥೆ ಮುಂದೆ ಇದ್ದರೆ ನಮ್ಮದನ್ನು ಅದರ ಪಕ್ಕದಲ್ಲಿ ಇಡುವುದು ಸುಲಭ. ಊರ್ವಶಿ ಬುಟಾಲಿಯಾ ವಿಭಜನೆಯ ಹೆಂಗಸರ ಮಾತುಗಳನ್ನು ಸಂಗ್ರಹಿಸಿ 1998ರಲ್ಲಿ ಪುಸ್ತಕ ಮಾಡಿದರಲ್ವಾ, ಅದರ ಒಂದು ಅಧ್ಯಾಯ ಮುಂದಿನ ವಾರ ಇತ್ತು. ಐವತ್ತು ವರ್ಷ ಯಾರೂ ಕೇಳಿರಲಿಲ್ಲ, ಅದಕ್ಕೇ ಅವರು ಹೇಳಿರಲಿಲ್ಲ ಅನ್ನುವುದು ಆ ಅಜ್ಜಿಯ ಮಾತು ಕೇಳಿದ ಮೇಲೆ ಓದಿದಾಗ ಬೇರೆಯೇ ಥರ ತಟ್ಟಿತು.

ಬೊಳುವಾರು ಮಹಮದ್ ಕುಂಞಿಯವರ ಸ್ವಾತಂತ್ರ್ಯದ ಓಟವನ್ನೂ ಪಟ್ಟಿಯಲ್ಲಿ ಇಟ್ಟಿದ್ದರು. ವಿಭಜನೆಯ ಕಥೆ ದಕ್ಷಿಣ ಕನ್ನಡದ ಹಳ್ಳಿಯವರೆಗೂ ಬರುವುದು ಕನ್ನಡಿಗರಿಗೆ ಮುಖ್ಯ. ವಿಭಜನೆ ಪಂಜಾಬಿನವರ ಸಮಸ್ಯೆ, ನಮಗೇನು ಅಂತ ನಾವು ಆರಾಮಾಗಿ ಕೂತುಬಿಟ್ಟಿದ್ದೇವೆ. ಆದರೆ ಸಾವಿರ ಪುಟ ದಾಟಿದ ಕಾದಂಬರಿಯನ್ನು ಎರಡು ವಾರದಲ್ಲಿ ಓದಿಕೊಂಡು ಬನ್ನಿ ಅಂದರೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು ಏನು ಮಾಡಬೇಕು? ಆ ದಿನ ಅರ್ಧಕ್ಕರ್ಧ ಜನ ಓದದೆ ಬಂದಿದ್ದರು, ಚರ್ಚೆ ಸಪ್ಪೆಯಾಯಿತು. ಇಂಥ ಪುಸ್ತಕಕ್ಕೆ ಒಂದು ತಿಂಗಳಾದರೂ ಕೊಡಬೇಕಿತ್ತು.

ಭೀಷ್ಮ ಸಾಹ್ನಿಯವರ ಹಿಂದಿ ಕಾದಂಬರಿ ತಮಸ್ ಓದಿದ ದಿನದ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕಂದರೆ ಅದು ನಮ್ಮ ಮನೆ ಬಾಗಿಲಿನ ಕಥೆ. 1970ರ ಮೇ ತಿಂಗಳಲ್ಲಿ ಠಾಣೆ ಊರಿನ ಪಕ್ಕದ ಭಿವಂಡಿಯಲ್ಲಿ ಹಿಂದೂ-ಮುಸ್ಲಿಂ ಗಲಭೆ ಆಯಿತು. ಸಾಹ್ನಿ ತಮ್ಮ ಅಣ್ಣ, ನಟ ಬಲರಾಜ್ ಸಾಹ್ನಿಯವರ ಜೊತೆ ಅಲ್ಲಿಗೆ ಹೋದರು. ಸುಟ್ಟ ಬೀದಿಗಳನ್ನು, ನಿಂತುಹೋದ ಪವರ್‌ಲೂಮ್‌ಗಳನ್ನು ನೋಡಿದಾಗ ಅವರಿಗೆ 1947ರ ರಾವಲ್ಪಿಂಡಿ ಕಣ್ಣ ಮುಂದೆ ಬಂತು. ಆಮೇಲೆಯೇ ತಮಸ್ ಬರೆದದ್ದು. ಇಪ್ಪತ್ತು ವರ್ಷಕ್ಕೂ ಮೇಲೆ ಒಳಗೇ ಇದ್ದದ್ದನ್ನು ಹೊರಗೆ ತಂದದ್ದು ಭಿವಂಡಿ. 1988ರಲ್ಲಿ ಗೋವಿಂದ ನಿಹಲಾನಿ ಅದನ್ನು ದೂರದರ್ಶನಕ್ಕೆ ಧಾರಾವಾಹಿ ಮಾಡಿದಾಗ ನಿಲ್ಲಿಸಿ ಅಂತ ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ತಾವೇ ಕೂತು ಧಾರಾವಾಹಿ ನೋಡಿ, ನಿಲ್ಲಿಸಬೇಕಾಗಿಲ್ಲ ಅಂದರು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಇದಿಷ್ಟೂ ಹಲವರಿಗೆ ಗೊತ್ತಿರಬಹುದು. ಟೀಚರ್ ಇದಕ್ಕೆ ಒಂದು ವಿಷಯ ಸೇರಿಸಿದರು, ಅದು ಒಳ್ಳೆಯ ಕೆಲಸ. ಭಿವಂಡಿಯಲ್ಲಿ 1984ರಲ್ಲಿ ಮತ್ತೆ ಗಲಭೆ ಆಯಿತು. ತಮಸ್ ಅಷ್ಟರಲ್ಲಿ ಬಂದಾಗಿತ್ತು, ಅಕಾಡೆಮಿ ಪ್ರಶಸ್ತಿಯೂ ಬಂದಾಗಿತ್ತು. ಪುಸ್ತಕ ಗಲಭೆಯನ್ನು ತಡೆಯಲಿಲ್ಲ. ಆಮೇಲೆ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಓಣಿ ಓಣಿಗೂ ಮೊಹಲ್ಲಾ ಸಮಿತಿ ಕಟ್ಟಿದರು. ಎರಡೂ ಕಡೆಯ ಸಾಮಾನ್ಯ ಜನ, ಮಗ್ಗದವರು, ಅಂಗಡಿಯವರು ನಿಯಮಿತವಾಗಿ ಒಟ್ಟಿಗೆ ಕೂರುವ ಹಾಗೆ ಮಾಡಿದರು. ಡಿಸೆಂಬರ್ 1992ರಲ್ಲಿ, ಜನವರಿ 1993ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಸಾಹಿತ್ಯದ ಕೂಟದಲ್ಲಿ ಕೂತು, ಸಾಹಿತ್ಯದಿಂದ ಆಗದ ಕೆಲಸ ಯಾವುದು ಅಂತ ಹೀಗೆ ನೇರವಾಗಿ ಹೇಳುವುದಕ್ಕೆ ಧೈರ್ಯ ಬೇಕು. ಎಷ್ಟೋ ಸಾಹಿತ್ಯ ಗೋಷ್ಠಿಗಳಲ್ಲಿ ಈ ಧೈರ್ಯ ನಾನು ಕಂಡಿಲ್ಲ.

ಸರಣಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಭಾಗ 1992-93ರ ಮುಂಬಯಿ. ಮರಾಠಿ, ಉರ್ದು, ಕನ್ನಡ ಕವಿತೆಗಳ ಜೆರಾಕ್ಸ್ ಕೊಟ್ಟರು. ಅದರ ಜೊತೆಗೇ, ಆ ಗಲಭೆಯ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಶ್ರೀಕೃಷ್ಣ ಆಯೋಗದ ವರದಿಯ ಪುಟಗಳನ್ನೂ ಕೊಟ್ಟರು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಐನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ 1998ರಲ್ಲಿ ಕೊಟ್ಟ ವರದಿ ಅದು. ಎರಡು ಸುತ್ತಿನ ಗಲಭೆಯಲ್ಲಿ ಸತ್ತವರು 900 ಜನ: ಮುಸ್ಲಿಮರು 575, ಹಿಂದೂಗಳು 275, ಉಳಿದವರಲ್ಲಿ 45 ಮಂದಿ ಯಾರೆಂದೇ ಗೊತ್ತಾಗಲಿಲ್ಲ. ಮಧ್ಯದಲ್ಲಿ, 1996ರ ಜನವರಿಯಲ್ಲಿ, ಸರ್ಕಾರ ಆಯೋಗವನ್ನೇ ಮುಚ್ಚಿಬಿಟ್ಟಿತ್ತು. ಒತ್ತಡ ಬಂದ ಮೇಲೆ ಅದೇ ವರ್ಷ ಮತ್ತೆ ತೆರೆಯಿತು.

ವರದಿಯ ಎರಡನೇ ಸಂಪುಟ ಪೊಲೀಸ್ ಠಾಣೆಯ ಪ್ರಕಾರ ಇದೆ. ಯಾವ ಠಾಣೆಯ ವ್ಯಾಪ್ತಿಯಲ್ಲಿ ಯಾವ ದಿನ ಏನಾಯಿತು, ಸಾಕ್ಷಿ ಏನು ಹೇಳಿದರು, ಪೊಲೀಸರು ಏನು ಮಾಡಿದರು, ಏನು ಮಾಡಲಿಲ್ಲ. ಟೀಚರ್ ಪ್ರತಿಯೊಬ್ಬರಿಗೂ ತಾವಿದ್ದ ಏರಿಯಾದ ಪುಟ ಹುಡುಕಿ ಕೊಟ್ಟಿದ್ದರು. ಧಾರಾವಿಯಲ್ಲಿ ಬೆಳೆದ ಬ್ಯಾಂಕ್ ಉದ್ಯೋಗಿಯೊಬ್ಬರಿಗೆ ಧಾರಾವಿ, ಮಾಹಿಂನವರಿಗೆ ಮಾಹಿಂ, ಡೋಂಗ್ರಿಯಲ್ಲಿ ತಂಗಿಯ ಮನೆ ಇದ್ದ ಹುಬ್ಬಳ್ಳಿ ಹಿರಿಯರಿಗೆ ಡೋಂಗ್ರಿ. ಬ್ಯಾಂಕಿನವರು ಓದುತ್ತಾ ಓದುತ್ತಾ ಒಂದು ಗಲ್ಲಿಯ ಹೆಸರು ಬಂದ ಕೂಡಲೇ ನಿಲ್ಲಿಸಿಬಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಆಗ ಅವರು ಹೈಸ್ಕೂಲ್ ಹುಡುಗ, ಆ ಗಲ್ಲಿಯಲ್ಲೇ ಟ್ಯೂಷನ್ನಿಗೆ ಹೋಗುತ್ತಿದ್ದರಂತೆ. ನಮ್ಮವರಿಗೆ ಅವರು ಹೀಗೆ ಮಾಡಿದರು ಅಂತ ಮನೆಯಲ್ಲಿ ಕೇಳಿ ಬೆಳೆದದ್ದು ಒಂದು, ಅದೇ ಠಾಣೆಯ ಪುಟದಲ್ಲಿ ಎರಡೂ ಕಡೆಯದು ತಾರೀಖಿನ ಸಮೇತ ಇರುವುದು ಇನ್ನೊಂದು. ಅವರು ಓದನ್ನು ಮುಂದುವರಿಸಲಿಲ್ಲ. ಆ ಹಿರಿಯರು ಕಾಗದ ತೆಗೆದುಕೊಂಡು, ಅವರು ಬಿಟ್ಟ ಸಾಲಿನಿಂದಲೇ ಓದಿ ಮುಗಿಸಿದರು.

ಆಮೇಲೆ ಕವಿತೆ ಓದಿದೆವು. ಮೊದಲು ದಾಖಲೆ, ಆಮೇಲೆ ಕವಿತೆ. ಈ ಕ್ರಮ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಕವಿತೆ ಮಾತ್ರ ಓದಿದ್ದರೆ ಎಲ್ಲರೂ ಮನುಷ್ಯರೇ, ಎಲ್ಲರಿಗೂ ನೋವಿದೆ ಅಂತ ಹೇಳಿ ಎದ್ದುಬಿಡುತ್ತಿದ್ದೆವು. ವರದಿ ಇದ್ದದ್ದರಿಂದ ಹಾಗೆ ಏಳಲು ಆಗಲಿಲ್ಲ, ಯಾರು ಮಾಡಿದರು, ಯಾರಿಗೆ ಶಿಕ್ಷೆ ಆಯಿತು ಅನ್ನುವ ಪ್ರಶ್ನೆ ಎದುರಿಗೇ ಕೂತಿತ್ತು. ಈ ಗಲಭೆಯಲ್ಲಿ ಕಾಣೆಯಾದವರು 168 ಮಂದಿ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅವರಲ್ಲಿ 108 ಮಂದಿಯ ಕುಟುಂಬಗಳನ್ನು ಪತ್ತೆ ಮಾಡಿ ಪರಿಹಾರ ಕೊಡಿ ಅಂತ ಮಹಾರಾಷ್ಟ್ರ ಸರ್ಕಾರಕ್ಕೆ ಹೇಳಬೇಕಾಗಿ ಬಂತು. ಗಲಭೆ ಆಗಿ ಸುಮಾರು ಮೂವತ್ತು ವರ್ಷದ ಮೇಲೆ! ನ್ಯಾಯ ಸಿಗದವರ ಮುಂದೆ ಹೋಗಿ, ಬನ್ನಿ ಕವಿತೆ ಓದಿ ಮರೆಯೋಣ ಅನ್ನುವುದು ಕ್ರೌರ್ಯ. ಇದನ್ನು ಟೀಚರ್ ಕೂಡ ಒಪ್ಪುತ್ತಾರೆ. ಹಾಗಿದ್ದ ಮೇಲೆ ಅವರ ಕರಪತ್ರದಲ್ಲಿ ‘ಓದು ಎಲ್ಲ ಗಾಯವನ್ನೂ ಮಾಯಿಸುತ್ತದೆ’ ಅಂತ ಯಾಕೆ ಅಚ್ಚಾಗಿದೆ? ಆ ಸಾಲನ್ನು ತೆಗೆಯಬೇಕು ಅಂತ ನಾನು ಮುಖಕ್ಕೇ ಹೇಳಿದ್ದೇನೆ. ಅಷ್ಟು ದೊಡ್ಡ ಮಾತು ಈ ಕೂಟಕ್ಕೆ ಬೇಕಾಗಿಯೂ ಇಲ್ಲ.

ಹೊರದೇಶದ ಭಾಗ ಸಮನಾಗಿರಲಿಲ್ಲ. ದಕ್ಷಿಣ ಆಫ್ರಿಕಾ ಚೆನ್ನಾಗಿತ್ತು. 1996ರಲ್ಲಿ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ, ವರ್ಣಭೇದದ ಕಾಲದ ದೌರ್ಜನ್ಯಗಳ ಬಗ್ಗೆ ಸತ್ಯ ಮತ್ತು ಸಂಧಾನ ಆಯೋಗದ ವಿಚಾರಣೆ ಶುರುವಾದಾಗ ಅದನ್ನು ರೇಡಿಯೋಗೆ ವರದಿ ಮಾಡಿದವರಲ್ಲಿ ಆಂಟಿಯೆ ಕ್ರೋಗ್ ಅನ್ನುವ ಕವಿಯೂ ಒಬ್ಬರು. ಆಕೆ ಆಫ್ರಿಕಾನ್ಸ್ ಮಾತಾಡುವ ಬಿಳಿಯರ ಮನೆಯವರು, ಅಂದರೆ ದಬ್ಬಾಳಿಕೆ ಮಾಡಿದವರ ಕಡೆಯವರು. ಸಾಕ್ಷಿ ಹೇಳಲು ಬಂದವರ ಮಾತನ್ನು ದಿನವೂ ಕೇಳುತ್ತಾ, ಹಿಂಸೆ ಕೊಟ್ಟವರು ತನ್ನ ತಾಯ್ನುಡಿಯನ್ನೇ ಆಡುವುದನ್ನು ಕೇಳುತ್ತಾ ಆಕೆ ಬರೆದ ಪುಸ್ತಕ 1998ರಲ್ಲಿ ಬಂತು. ನೋವು ತಿಂದವರು ಬರೆಯುವುದನ್ನು ನಾವು ಓದುತ್ತೇವೆ. ನೋವು ಕೊಟ್ಟವರ ಮನೆಯವರು ಬರೆಯುವುದು ಅಪರೂಪ, ಓದುವುದೂ ಕಷ್ಟ.

ಈ ಪುಸ್ತಕದ ಚರ್ಚೆ ನಡೆಯುವಾಗಲೇ ನಮ್ಮ ಮರಾಠಿ ಸದಸ್ಯೆಯೊಬ್ಬರು ಮಾತು ತೆಗೆದರು. ಅವರ ಕಾಕಾ 1969ರ ಫೆಬ್ರವರಿಯಲ್ಲಿ ಬೀದಿಗೆ ಇಳಿದವರಲ್ಲಿ ಒಬ್ಬರಂತೆ. ಬೆಳಗಾವಿಯ ಗಡಿ ವಿಷಯಕ್ಕೆ ಮುಂಬಯಿಯಲ್ಲಿ ಆಗ ಗಲಭೆ ನಡೆದು ಉಡುಪಿ ಹೋಟೆಲ್‌ಗಳ ಮೇಲೆ ಕಲ್ಲು ಬಿದ್ದದ್ದು ಇಲ್ಲಿನ ಹಳೇ ಕನ್ನಡಿಗರಿಗೆಲ್ಲ ಗೊತ್ತು. ಸತ್ತವರೂ ಇದ್ದರು. ಕಾಕಾ ಸಾಯುವವರೆಗೂ ಅದರ ಬಗ್ಗೆ ಬಾಯಿ ಬಿಡಲಿಲ್ಲ, ಆದರೆ ಯಾವತ್ತೂ ಉಡುಪಿ ಹೋಟೆಲಿನಲ್ಲಿ ಕೂತು ಚಹಾ ಕುಡಿಯಲಿಲ್ಲ, ಯಾಕೆ ಅಂತ ನನಗೆ ಈಗ ಅರ್ಥ ಆಗ್ತಿದೆ ಅಂದರು ಆಕೆ. ನಮ್ಮ ಕೂಟದಲ್ಲಿ ಕಾರ್ಕಳದ ಶೆಟ್ಟರೊಬ್ಬರಿದ್ದರು. ಅವರ ತಂದೆಯ ಹೋಟೆಲಿನ ಗಾಜು, ಗಲ್ಲಾ ಪೆಟ್ಟಿಗೆ, ಬೋಂಡಾ ಇಟ್ಟಿದ್ದ ಷೋಕೇಸು ಎಲ್ಲ ಆಗ ಪುಡಿಯಾಗಿತ್ತು. ಎಲ್ಲರೂ ಅವರ ಕಡೆ ನೋಡಿದೆವು. ಶೆಟ್ಟರು ‘ಆಯ್ತಮ್ಮ’ ಅಂದರು, ಅಷ್ಟೇ. ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಮುಂದಿನ ಸಲ ಬಂದಾಗ, 1955-56ರಲ್ಲಿ, ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕು ಅಂತ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಸತ್ತವರ ಬಗ್ಗೆ ಓದುವುದಕ್ಕೆ ಏನಾದರೂ ಇದೆಯಾ ಅಂತ ಟೀಚರನ್ನು ಕೇಳಿದರು. ಅವರ ನೆನಪಿಗಿರುವ ಹುತಾತ್ಮಾ ಚೌಕದ ಮುಂದೆ ಇಡೀ ಜೀವನ ಓಡಾಡಿದ್ದೇನೆ, ಅಲ್ಲಿ ಹೆಸರು ಇರುವವರು ಯಾರು ಅಂತ ನೋಡಿಲ್ಲ ಅಂದರು. ನೂರಕ್ಕೂ ಹೆಚ್ಚು ಜನ ಸತ್ತ ಚಳವಳಿ ಅದು. ಇನ್ನೊಬ್ಬರ ಸಿಟ್ಟು ಎಲ್ಲಿಂದ ಬಂತು ಅಂತ ತಿಳಿಯುವುದಕ್ಕೂ ಆ ಸಿಟ್ಟು ಮಾಡಿದ್ದನ್ನು ಸರಿ ಅನ್ನುವುದಕ್ಕೂ ಬಹಳ ದೂರ ಇದೆ. ಶೆಟ್ಟರಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ರುವಾಂಡಾಗೆ ಒಂದೇ ಭಾನುವಾರ ಕೊಟ್ಟರು, ಅದನ್ನೂ ಪ್ರೊಜೆಕ್ಟರ್ ಹಾಕಿ ಸ್ಲೈಡ್ ತೋರಿಸಿ ಮುಗಿಸಿದರು. 1994ರಲ್ಲಿ ಸುಮಾರು ನೂರು ದಿನದಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಂದ ದೇಶದ ಬಗ್ಗೆ ಸ್ಲೈಡ್‌ನಲ್ಲಿ ಏನು ಹೇಳಲು ಸಾಧ್ಯ? ಆದರೂ ಅದರಲ್ಲಿ ಒಂದು ವಿಷಯ ನನ್ನ ತಲೆಯಲ್ಲಿ ಉಳಿದಿದೆ. ಅಲ್ಲಿ ಕೊಲ್ಲಿ ಅಂತ ಜನರನ್ನು ಎಬ್ಬಿಸಿದ್ದು ರೇಡಿಯೋ. ಹತ್ತು ವರ್ಷದ ಮೇಲೆ, 2004ರಲ್ಲಿ, ರೇಡಿಯೋದಲ್ಲೇ ಮುಸೆಕೆವೆಯಾ ಅನ್ನುವ ಧಾರಾವಾಹಿ ನಾಟಕ ಶುರು ಮಾಡಿದರು. ಎರಡು ಊರು, ಭೂಮಿಗಾಗಿ ಜಗಳ, ಎರಡೂ ಕಡೆಯ ಹುಡುಗ ಹುಡುಗಿಯ ಪ್ರೀತಿ. ಎಲಿಜಬೆತ್ ಲೆವಿ ಪಲಕ್ ಅನ್ನುವ ಸಂಶೋಧಕಿ ಒಂದು ವರ್ಷ ಕೆಲವು ಗುಂಪುಗಳಿಗೆ ಈ ನಾಟಕ, ಇನ್ನು ಕೆಲವು ಗುಂಪುಗಳಿಗೆ ಆರೋಗ್ಯದ ಬಗ್ಗೆ ಬೇರೆ ನಾಟಕ ಕೇಳಿಸಿ ಹೋಲಿಸಿ ನೋಡಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಜನರ ಒಳಗಿನ ನಂಬಿಕೆಗಳು ಹೆಚ್ಚು ಬದಲಾಗಿರಲಿಲ್ಲ. ಆದರೆ ನಮ್ಮ ಊರಲ್ಲಿ ಹೀಗೆ ನಡೆದುಕೊಳ್ಳುವುದು ಸರಿ, ಹೀಗೆ ಬೇರೆಯವರ ಜೊತೆ ಮಾತಾಡಬಹುದು, ಒಪ್ಪದಿದ್ದರೆ ಬಾಯಿ ಬಿಟ್ಟು ಹೇಳಬಹುದು ಅನ್ನುವ ತಿಳಿವಳಿಕೆ ಬದಲಾಗಿತ್ತು, ನಡವಳಿಕೆಯೂ ಸ್ವಲ್ಪ ಬದಲಾಗಿತ್ತು.

ಇದನ್ನು ಕೇಳಿದ ಮೇಲೆ ಭಿವಂಡಿಯ ಮೊಹಲ್ಲಾ ಸಮಿತಿ, ಬ್ಯಾಂಕಿನವರ ಕಾಗದ ಓದಿ ಮುಗಿಸಿದ ಆ ಹಿರಿಯರು, ಶೆಟ್ಟರ ‘ಆಯ್ತಮ್ಮ’ ಎಲ್ಲ ನನ್ನ ತಲೆಯಲ್ಲಿ ಒಂದಕ್ಕೊಂದು ಸೇರಿಕೊಂಡವು. ಮನಸ್ಸು ಬದಲಾಗುವುದಕ್ಕೆ ಕಾಯಬೇಕಾಗಿಲ್ಲ ಅಂತ ಅನಿಸಿತು. ಒಟ್ಟಿಗೆ ಕೂತು ಕೇಳುವುದು ರೂಢಿಯಾದರೆ ಸಾಕು, ನಡವಳಿಕೆ ಬದಲಾಗುತ್ತೆ. ಮನೆಯಲ್ಲಿ ಒಬ್ಬರೇ ಓದಿದರೂ ಪುಸ್ತಕ ಅದೇ. ನಾಲ್ಕು ಜನರ ಮುಂದೆ, ಅದರಲ್ಲೂ ಬೇರೆ ಕಡೆಯವರ ಮುಂದೆ ಓದಿದಾಗ ಅದು ಮಾಡುವ ಕೆಲಸ ಬೇರೆ. ಇಂಥ ಮುಖ್ಯ ವಿಷಯವನ್ನು ಕೊನೇ ಹತ್ತು ನಿಮಿಷದಲ್ಲಿ ಓಡಿಸಿದರಲ್ಲ ಅಂತ ಬೇಜಾರಾಯಿತು.

ಬೋಸ್ನಿಯಾದ ಸರಾಯೆವೋ ಲೈಬ್ರರಿ 1992ರಲ್ಲಿ ಸುಟ್ಟದ್ದು, ಶ್ರೀಲಂಕಾದ ಜಾಫ್ನಾದ ಲೈಬ್ರರಿ 1981ರಲ್ಲಿ ಸುಟ್ಟು 97,000ದಷ್ಟು ಪುಸ್ತಕ, ಹಸ್ತಪ್ರತಿ ಬೂದಿಯಾದದ್ದು, ಇವೆರಡನ್ನೂ ಒಂದೇ ದಿನ ಮಾಡಿದರು. ಹುಡುಗರು ಚೆನ್ನಾಗಿ ತಯಾರಾಗಿ ಬಂದಿದ್ದರು. ಜಾಫ್ನಾದ ಬಗ್ಗೆ ಒಬ್ಬ ಹುಡುಗ ಮಾತಾಡಿದ್ದಂತೂ ಬಹಳ ಚೆನ್ನಾಗಿತ್ತು.

ಈಗ ಗಂಭೀರವಾದ ಒಂದು ದೂರು. ಕೊನೆಯ ತಿಂಗಳಲ್ಲಿ ‘ನಿಮ್ಮ ಕಥೆ ಬರೆಯಿರಿ’ ಅಂತ ಒಂದು ಅಭ್ಯಾಸ ಇತ್ತು. ಹದಿನೈದು ನಿಮಿಷ, ಯಾರಿಗೂ ತೋರಿಸಬೇಕಾಗಿಲ್ಲ, ಬದುಕಿನ ಅತಿ ಕಷ್ಟದ ಘಟನೆಯ ಬಗ್ಗೆ ಬರೆಯಬೇಕು. ಇದರ ಹಿಂದೆ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ನಾಲ್ಕು ದಿನ ಹೀಗೆ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ ಅಂತ ಅದು ತೋರಿಸಿತು. ಆದರೆ ಅದೇ ಪ್ರಯೋಗದಲ್ಲಿ, ಬರೆದ ಕೂಡಲೇ ಮನಸ್ಸು ಇನ್ನೂ ಭಾರವಾಗಿತ್ತು ಅನ್ನುವುದೂ ಇದೆ. ಇದನ್ನು ಯಾರೂ ಮೊದಲು ಹೇಳಲಿಲ್ಲ. ಒಬ್ಬ ಹೆಣ್ಣುಮಗಳು ಬರೆಯುತ್ತಾ ಬರೆಯುತ್ತಾ ನಡುಗಲು ಶುರು ಮಾಡಿದಳು, ಉಸಿರು ಹಿಡಿದುಕೊಂಡಿತು. ಟೀಚರ್ ನೀರು ಕೊಟ್ಟರು, ಬೆನ್ನು ಸವರಿದರು, ಅವರಿಂದ ಆದದ್ದನ್ನೆಲ್ಲ ಮಾಡಿದರು. ಆದರೆ ಅಂಥ ಹೊತ್ತಿಗೆ ಬೇಕಾದ ತರಬೇತಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಹಳೇ ಗಾಯದ ಹಕ್ಕಳೆ ಕಿತ್ತಮೇಲೆ ಕಟ್ಟಲು ಬಟ್ಟೆ ಕೈಯಲ್ಲಿ ಇರಬೇಕು. ಮುಂಬಯಿಯಲ್ಲಿ ಕನ್ನಡ, ಮರಾಠಿ ಬರುವ ಆಪ್ತಸಮಾಲೋಚಕರಿಗೇನು ಬರವಿಲ್ಲ. ಆ ಒಂದು ದಿನಕ್ಕಾದರೂ ಒಬ್ಬರನ್ನು ಕರೆಸಿ, ಇಲ್ಲ ಆ ಅಭ್ಯಾಸವನ್ನೇ ಬಿಟ್ಟುಬಿಡಿ. ಇದೊಂದು ಸರಿ ಆಗುವವರೆಗೆ, ಇತ್ತೀಚೆಗೆ ಮನೆಯಲ್ಲಿ ದೊಡ್ಡ ಆಘಾತ ಕಂಡವರಿಗೆ ಆ ದಿನ ಬಿಟ್ಟು ಉಳಿದ ದಿನಗಳಿಗೆ ಮಾತ್ರ ಹೋಗಿ ಅಂತಲೇ ನಾನು ಹೇಳುವುದು.

ಸಣ್ಣಪುಟ್ಟ ವಿಷಯಗಳು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಕೈಹಿಡಿ ಒಂದೇ ಕಡೆ. ಸಿಂಧಿ ಅಜ್ಜಿ ಪ್ರತಿ ಸಲ ಮಧ್ಯದಲ್ಲಿ ಕೂತು ಸುಧಾರಿಸಿಕೊಂಡು ಹತ್ತುತ್ತಿದ್ದರು. ಜೆರಾಕ್ಸ್ ಪ್ರತಿಗಳಲ್ಲಿ ಅಂಚಿನ ಅಕ್ಷರ ಕತ್ತರಿಸಿಹೋಗಿರುತ್ತೆ, ಸ್ಪೈರಲ್ ಬೈಂಡಿಂಗ್ ಎರಡನೇ ವಾರಕ್ಕೇ ಬಿಚ್ಚಿಕೊಳ್ಳುತ್ತೆ. ಕನ್ನಡಕದವರಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಕೊಡಿ ಅಂತ ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೇ. ಸಮಯ ಮಧ್ಯಾಹ್ನ ಮೂರು ಗಂಟೆ, ಇದು ಸರಿಯಿಲ್ಲ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ನಿಲ್ಲಿಸುವುದು, ಇದ್ದರೆ ಡೊಂಬಿವಲಿ, ಕಲ್ಯಾಣ್ ಕಡೆಯವರು ಬರುವಷ್ಟರಲ್ಲಿ ಅರ್ಧ ಓದು ಮುಗಿದಿರುತ್ತದೆ. ಐದಕ್ಕೆ ಶುರು ಮಾಡಿದರೆ ಎಲ್ಲರಿಗೂ ಅನುಕೂಲ. ಉಪ್ಪಿಟ್ಟು ಚೆನ್ನಾಗಿರುತ್ತೆ, ತೆಂಗಿನಕಾಯಿ ಧಾರಾಳ.

ಪುಸ್ತಕ ಎರವಲು ಕೊಡುವುದರಲ್ಲಿ ಇವರು ಬಹಳ ಉದಾರ. ಸರಣಿ ಮುಗಿದ ಮೇಲೂ ಒಂದು ವರ್ಷ ಲೈಬ್ರರಿಯಿಂದ ಪುಸ್ತಕ ತೆಗೆದುಕೊಂಡು ಹೋಗಬಹುದು. ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಬಂದ ಪುಸ್ತಕಗಳಿಗೆ ಬೇರೆಯೇ ಕಪಾಟು ಇದೆ. ದಲಿತ ಆತ್ಮಕಥೆಗಳು ಅಲ್ಲೇ ಇವೆ, ಪುಣೆಯ ಉಮಾ ಕುಲಕರ್ಣಿಯವರು ಮರಾ​ಠಿಗೆ ತಂದ ಕನ್ನಡ ಕಾದಂಬರಿಗಳೂ ಇವೆ. ಗಡಿ ವಿಷಯಕ್ಕೆ 2004ರಿಂದ ಎರಡೂ ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ನಿಂತಿವೆ, ಆಗಾಗ ಬಸ್ಸುಗಳಿಗೆ ಮಸಿ ಬಳಿಯುತ್ತಾರೆ. ಅದರ ಮಧ್ಯೆಯೇ ಈ ಕಪಾಟಿನ ಪುಸ್ತಕಗಳು ಎರಡೂ ಕಡೆಯ ಮನೆಗಳಿಗೆ ಹೋಗಿ ಬರುತ್ತಿವೆ. ಎರವಲು ರಿಜಿಸ್ಟರ್ ತೆರೆದು ನೋಡಿ, ಹೆಸರುಗಳನ್ನು ಓದಿದರೇ ಗೊತ್ತಾಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ ಬರವಣಿಗೆಯ ದಿನಕ್ಕೆ. ಮುಂದಿನ ಸರಣಿ ದೀಪಾವಳಿ ಆದ ಮೇಲೆ ಶುರುವಂತೆ. ರುವಾಂಡಾಗೆ ಎರಡು ಭಾನುವಾರ, ಗಡಿ ವಿಷಯಕ್ಕೇ ಪ್ರತ್ಯೇಕ ಒಂದು ತಿಂಗಳು ಕೊಡಿ, ಮರಾಠಿಯವರು ಇನ್ನೂ ಜಾಸ್ತಿ ಬರುವ ಹಾಗೆ ಅರ್ಧ ಓದನ್ನು ದಾದರಿನಲ್ಲಿ ಇಟ್ಟುಕೊಳ್ಳಿ ಅಂತ ಶೆಟ್ಟರೂ ನಾನೂ ಸೇರಿ ಬರೆದು ಕೊಟ್ಟಿದ್ದೇವೆ. ಮೊದಲ ಎರಡಕ್ಕೆ ಟೀಚರ್ ಒಪ್ಪಿದ್ದಾರೆ. ದಾದರಿನಲ್ಲಿ ಜಾಗ ಸಿಕ್ಕರೆ ನೋಡೋಣ ಅಂದಿದ್ದಾರೆ. ಯಾರಿಗಾದರೂ ಅಲ್ಲಿ ಮೂವತ್ತು ಜನ ಕೂರುವಂಥ, ನೆಲಮಹಡಿಯ ಕೋಣೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.